ದ್ವೀಪಜೀವಿಗಳ ಅಳಿವು-ಉಳಿವು: ಅಪಾಯವನ್ನು ಅಳೆಯುವ ಬಗೆ

ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ. ಪ್ರಾಥಮಿಕ ತರಗತಿಯ ಭೂಗೋಳದ ಪಾಠದಿಂದಲೇ ಪರಿಚಿತವಾದ ಈ ವ್ಯಾಖ್ಯೆಯು ನಕ್ಷೆ ಬರೆಯುವವನ ದೃಷ್ಟಿಯಿಂದ ಸಾಕು. ಆದರೆ ಆ ನೆಲದ ಮೇಲೆ ಬಾಳುವ ಇಲಿ, ಹಲ್ಲಿ, ಹಕ್ಕಿಗಳ ದೃಷ್ಟಿಯಿಂದ ನೋಡಿದರೆ ದ್ವೀಪವೆಂಬುದು ನಾಲ್ಕು ದಿಕ್ಕಿಗೂ ಬಾಗಿಲಿಲ್ಲದ ಮನೆ. ಕ್ಷಾಮ ಬಂದರೆ, ಬಿಸಿಲೇರಿದರೆ, ರೋಗ ಹರಡಿದರೆ ವಿಶಾಲ ಭೂಖಂಡದ ಪ್ರಾಣಿಯು ಒಂದು ನಾಡನ್ನು ಬಿಟ್ಟು ಇನ್ನೊಂದು ನಾಡಿಗೆ ಸರಿಯಬಲ್ಲುದು. ದ್ವೀಪದ ಪ್ರಾಣಿಗೆ ಸರಿಯಲು ಎಡೆಯಿಲ್ಲ.

ಮನುಷ್ಯನ ಕಾರ್ಯಗಳಿಂದ ಭೂಮಂಡಲದ ಹವೆಯು ಇಂದು ಬಿಸಿಯಾಗುತ್ತಿದೆ. 19ನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರವರೆಗಿನ ದಶಕದ ಸರಾಸರಿ ಉಷ್ಣತೆಯು ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. 1901ರಿಂದ 2018ರ ಅವಧಿಯಲ್ಲಿ ಸಮುದ್ರದ ಮಟ್ಟವು ಸರಾಸರಿ 20 ಸೆಂಟಿಮೀಟರಿನಷ್ಟು ಏರಿದೆ. ಈ ಬದಲಾವಣೆ ಎಲ್ಲ ಜೀವಿಗಳನ್ನೂ ಒಂದೇ ಬಗೆಯಾಗಿ ಬಾಧಿಸುವುದಿಲ್ಲ. ಯಾವ ದ್ವೀಪದ ಯಾವ ಜೀವಿಗೆ ಎಷ್ಟು ಅಪಾಯವೆಂಬುದನ್ನು ಮುಂಚಿತವಾಗಿ ಅರಿಯುವುದು ಹೇಗೆ? ಅರಿತ ಮೇಲೆ ಮಾಡಬೇಕಾದುದೇನು? ಈ ಎರಡು ಪ್ರಶ್ನೆಗಳ ವಿಚಾರವೇ ಪ್ರಸ್ತುತ ಲೇಖನದ ಉದ್ದೇಶ.

ದ್ವೀಪಜೀವನದ ವೈಶಿಷ್ಟ್ಯ

ಭೂಮಿಯ ಒಟ್ಟು ನೆಲದಲ್ಲಿ ದ್ವೀಪಗಳ ಪಾಲು ನೂರಕ್ಕೆ ಐದರಷ್ಟು ಮಾತ್ರ. ಆದರೂ ಜಗತ್ತಿನ ಹಕ್ಕಿಗಳ ಪ್ರಭೇದಗಳಲ್ಲಿ ಐದನೆಯ ಒಂದು ಭಾಗದಷ್ಟು ದ್ವೀಪಗಳಲ್ಲಿಯೇ ನೆಲಸಿವೆ. ಇದಕ್ಕೆ ಕಾರಣವುಂಟು. ಗಾಳಿಯಲ್ಲಿಯೋ ಅಲೆಗಳ ಮೇಲೆ ತೇಲುವ ಮರದಲ್ಲಿಯೋ ದ್ವೀಪವನ್ನು ಸೇರಿದ ಒಂದು ಜೀವಿಯ ಸಂತತಿಯು ಹೊರಗಿನ ಬಂಧುಗಳ ಸಂಪರ್ಕವಿಲ್ಲದೆ ಲಕ್ಷಾಂತರ ವರ್ಷಗಳಲ್ಲಿ ಬೇರೆಯೇ ರೂಪ ತಾಳುತ್ತದೆ. 1835ರಲ್ಲಿ ಗಲಾಪಗಸ್ ದ್ವೀಪಗಳನ್ನು ಸಂದರ್ಶಿಸಿದ ಚಾರ್ಲ್ಸ್ ಡಾರ್ವಿನ್ ಹಾಗೂ ಮಲಯ ದ್ವೀಪಸಮೂಹವನ್ನು ಸುತ್ತಿದ ಆಲ್ಫ್ರೆಡ್ ರಸೆಲ್ ವಾಲೇಸ್, ಇಬ್ಬರಿಗೂ ಜೀವವಿಕಾಸದ ಗುಟ್ಟು ತಿಳಿಯಲು ದ್ವೀಪಗಳು ನೆರವಾದುದು ಆಕಸ್ಮಿಕವಲ್ಲ.

ಈ ಏಕಾಂತವು ವರವೂ ಹೌದು, ಶಾಪವೂ ಹೌದು. ಬೇಟೆಯಾಡುವ ಪ್ರಾಣಿಗಳಿಲ್ಲದ ಕಡೆ ಬೆಳೆದ ಹಕ್ಕಿಯು ಹಾರುವುದನ್ನೂ ಹೆದರುವುದನ್ನೂ ಮರೆಯುತ್ತದೆ. ಮಾರಿಷಸ್ ದ್ವೀಪದ ಡೋಡೊ ಹಕ್ಕಿ ಇದಕ್ಕೆ ಪ್ರಸಿದ್ಧ ನಿದರ್ಶನ. 1598ರಲ್ಲಿ ಡಚ್ಚರು ಆ ದ್ವೀಪಕ್ಕೆ ಇಳಿದ ಮೇಲೆ, ಅವರ ಹಡಗುಗಳಲ್ಲಿ ಬಂದ ಇಲಿ, ಹಂದಿ ಮುಂತಾದ ಪ್ರಾಣಿಗಳ ಹಾವಳಿಯಿಂದ ಒಂದು ಶತಮಾನ ತುಂಬುವುದರೊಳಗೆ ಡೋಡೊ ಸಂತತಿ ನಿರ್ನಾಮವಾಯಿತು. ಕಳೆದ ಕೆಲವು ಶತಮಾನಗಳಲ್ಲಿ ಅಳಿದುಹೋದವೆಂದು ತಿಳಿದಿರುವ ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ದ್ವೀಪವಾಸಿಗಳೇ. ಹೀಗೆ ಮೊದಲೇ ಬಡವಾಗಿರುವ ಜೀವಸಂಕುಲದ ಮೇಲೆ ಇಂದು ಹವೆಯ ಬದಲಾವಣೆ ಎಂಬ ಹೊಸ ಹೊರೆ ಬಿದ್ದಿದೆ.

ಅಳತೆಯ ಮೂರು ಪ್ರಶ್ನೆಗಳು

ವೈದ್ಯನು ರೋಗಿಯನ್ನು ಪರೀಕ್ಷಿಸುವಾಗ ಊರಿನಲ್ಲಿ ಯಾವ ರೋಗ ಹರಡಿದೆಯೆಂಬುದನ್ನಷ್ಟೇ ನೋಡುವುದಿಲ್ಲ. ರೋಗಿಯ ಮೈಕಟ್ಟು ಎಂಥದು, ಚೇತರಿಸಿಕೊಳ್ಳುವ ಶಕ್ತಿ ಎಷ್ಟಿದೆ ಎಂಬುದನ್ನೂ ನೋಡುತ್ತಾನೆ. ಜೀವಿಗಳ ಅಪಾಯವನ್ನು ಅಳೆಯುವ ವಿಜ್ಞಾನಿಗಳೂ ಇದೇ ಕ್ರಮವನ್ನು ಅನುಸರಿಸುತ್ತಾರೆ. ಹವಾಮಾನ ಬದಲಾವಣೆಯ ಅಧ್ಯಯನಕ್ಕಾಗಿ ರಚಿತವಾದ ಅಂತರಸರ್ಕಾರಿ ಮಂಡಳಿಯು 2001 ಮತ್ತು 2007ರ ವರದಿಗಳಲ್ಲಿ ಪ್ರಚಾರಕ್ಕೆ ತಂದ ವಿಧಾನದ ಸಾರವನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು.

ಮೊದಲನೆಯದು: ಜೀವಿಯ ಮೇಲೆ ಬಂದೆರಗುವುದೇನು, ಎಷ್ಟು? ಸಮುದ್ರದ ಏರಿಕೆ, ಬಿಸಿ, ಬರ, ಚಂಡಮಾರುತ ಇವುಗಳಲ್ಲಿ ಆ ಸ್ಥಳಕ್ಕೆ ತಟ್ಟುವುದು ಯಾವುದು ಎಂಬುದು ಇದರ ಅರ್ಥ. ಇದನ್ನು ಒಡ್ಡಿಕೆ ಎನ್ನಬಹುದು. ಎರಡನೆಯದು: ಬಂದೆರಗಿದುದು ಜೀವಿಯನ್ನು ಎಷ್ಟು ನೋಯಿಸುತ್ತದೆ? ಒಂದೇ ಬಿಸಿಲಿಗೆ ಒಂದು ಗಿಡ ಬಾಡುತ್ತದೆ, ಇನ್ನೊಂದು ನಳನಳಿಸುತ್ತದೆ. ಇದು ಸೂಕ್ಷ್ಮತೆ. ಮೂರನೆಯದು: ಜೀವಿಯು ಅದನ್ನು ತಾಳಿಕೊಳ್ಳಬಲ್ಲುದೆ? ತನ್ನ ನಡೆವಳಿಯನ್ನೋ ಮೈಗುಣವನ್ನೋ ಬದಲಿಸಿಕೊಳ್ಳಬಲ್ಲುದೆ, ಅಥವಾ ಬೇರೆ ಎಡೆಗೆ ಸರಿಯಬಲ್ಲುದೆ? ಇದು ಹೊಂದಿಕೊಳ್ಳುವ ಶಕ್ತಿ. ಮೊದಲೆರಡು ಹೆಚ್ಚಿದ್ದು ಮೂರನೆಯದು ಕಡಿಮೆಯಾಗಿದ್ದರೆ ಜೀವಿಯ ದೌರ್ಬಲ್ಯ ಅತ್ಯಧಿಕವೆಂದು ತಿಳಿಯಬೇಕು.

ಒಂದು ಪ್ರಾಣಿಯ ಇಂದಿನ ಸಂಖ್ಯೆಯನ್ನು ಎಣಿಸುವುದು ಬೇರೆ, ನಾಳಿನ ದೌರ್ಬಲ್ಯವನ್ನು ಅಳೆಯುವುದು ಬೇರೆ. ಇಂದು ಸಾವಿರಾರು ಸಂಖ್ಯೆಯಲ್ಲಿರುವ ಪ್ರಾಣಿಯೂ ಈ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಸೋಲಬಹುದು. ಈ ಮಾತು ಮುಂದಿನ ಉದಾಹರಣೆಗಳಿಂದ ವಿಶದವಾಗುತ್ತದೆ.

ಮರಳದಿಬ್ಬದ ಇಲಿ

ಆಸ್ಟ್ರೇಲಿಯಾ ಹಾಗೂ ನ್ಯೂಗಿನಿಗಳ ನಡುವೆ ಟಾರಸ್ ಜಲಸಂಧಿಯಿದೆ. ಅಲ್ಲಿ ನ್ಯೂಗಿನಿಯ ತೀರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಬ್ರಾಂಬಲ್ ಕೇ ಎಂಬ ಪುಟ್ಟ ದ್ವೀಪವುಂಟು. ಅದರ ವಿಸ್ತೀರ್ಣ ನಾಲ್ಕೈದು ಹೆಕ್ಟೇರು. ಅತ್ಯಂತ ಎತ್ತರದ ಭಾಗವೂ ಸಮುದ್ರಮಟ್ಟದಿಂದ ಸುಮಾರು 3 ಮೀಟರ್ ಮಾತ್ರ. ಈ ಮರಳದಿಬ್ಬದ ಮೇಲೆ ಮೆಲೊಮಿಸ್ ಎಂಬ ಕಂದುಬಣ್ಣದ ಇಲಿಯೊಂದು ವಾಸವಾಗಿತ್ತು. ಜಗತ್ತಿನ ಬೇರಾವ ಸ್ಥಳದಲ್ಲಿಯೂ ಈ ಪ್ರಭೇದ ಕಂಡುಬಂದಿಲ್ಲ. ದಿಬ್ಬದ ಮೇಲಿನ ಹಸಿರುಸಸ್ಯಗಳೇ ಅದಕ್ಕೆ ಆಹಾರ, ಅವೇ ಆಶ್ರಯ.

ಐರೋಪ್ಯ ನಾವಿಕರು 1845ರಲ್ಲಿ ಈ ಇಲಿಯನ್ನು ಮೊದಲು ಕಂಡರು. 1978ರಲ್ಲಿ ಅದರ ಸಂಖ್ಯೆ ಹಲವು ನೂರು ಎಂದು ಅಂದಾಜಾಗಿತ್ತು. 1998ರ ವೇಳೆಗೆ ಅದು 90ರಷ್ಟಕ್ಕೆ ಇಳಿದಿತ್ತು. ಉಬ್ಬರದ ಅಲೆಗಳು ದಿಬ್ಬವನ್ನು ಮತ್ತೆಮತ್ತೆ ಮುಳುಗಿಸಿದಂತೆ ಉಪ್ಪುನೀರಿನಿಂದ ಸಸ್ಯಗಳು ಸತ್ತವು. 2004ರಲ್ಲಿ 2 ಹೆಕ್ಟೇರಿಗಿಂತ ಹೆಚ್ಚಿದ್ದ ಹಸಿರು ನೆಲ 2014ರ ಮಾರ್ಚ್ ತಿಂಗಳಲ್ಲಿ ಒಂದು ಹೆಕ್ಟೇರಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಯಾಗಿತ್ತು. ಮೀನುಗಾರನೊಬ್ಬನ ಕಣ್ಣಿಗೆ 2009ರಲ್ಲಿ ಬಿದ್ದುದೇ ಆ ಇಲಿಯ ಕಡೆಯ ದರ್ಶನ. 2014ರಲ್ಲಿ ವಿಜ್ಞಾನಿಗಳು ದ್ವೀಪವನ್ನೆಲ್ಲ ಶೋಧಿಸಿದರೂ ಒಂದು ಇಲಿಯೂ ಸಿಗಲಿಲ್ಲ. 2016ರಲ್ಲಿ ಅವರ ವರದಿ ಪ್ರಕಟವಾಯಿತು. 2019ರಲ್ಲಿ ಆಸ್ಟ್ರೇಲಿಯಾ ಸರ್ಕಾರವು ಈ ಪ್ರಭೇದ ಅಳಿದುಹೋಯಿತೆಂದು ಘೋಷಿಸಿತು. ಮಾನವಕೃತ ಹವಾಮಾನ ಬದಲಾವಣೆಯಿಂದ ಅಳಿದ ಮೊದಲ ಸಸ್ತನಿ ಎಂಬ ದುಃಖಕರ ಖ್ಯಾತಿ ಈ ಇಲಿಗೆ ಸಂದಿದೆ.

ಇಲ್ಲಿ ಮೂರು ಪ್ರಶ್ನೆಗಳಿಗೂ ಉತ್ತರ ಸ್ಪಷ್ಟವಾಗಿಯೇ ಇತ್ತು. ನೆಲ ತಗ್ಗು, ಆಹಾರ ಒಂದೇ ಬಗೆಯದು, ಈಜಿ ದಾಟಲು ಸುತ್ತಲೂ ಸಮುದ್ರ. ಈ ಇಲಿಯು ಅಪಾಯದಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲವೆಂದಲ್ಲ. ಅದರ ರಕ್ಷಣೆಗಾಗಿ 2008ರಲ್ಲಿಯೇ ಒಂದು ಯೋಜನೆ ಲಿಖಿತರೂಪದಲ್ಲಿ ಸಿದ್ಧವಾಗಿತ್ತು. ಆದರೆ ಕೆಲವು ಇಲಿಗಳನ್ನು ಹಿಡಿದು ಬೇರೆಡೆ ಸಾಕುವ ಕಾರ್ಯವು ಕಾಲ ಮೀರುವ ಮೊದಲು ನಡೆಯಲಿಲ್ಲ.

ಹವಾಯಿಯ ಹಕ್ಕಿಗಳು

ತಗ್ಗಾದ ದ್ವೀಪಕ್ಕೆ ಸಮುದ್ರದ ಭಯವಾದರೆ, ಎತ್ತರದ ಪರ್ವತಗಳಿರುವ ದ್ವೀಪ ಸುರಕ್ಷಿತವೆಂದು ಭಾವಿಸಬಹುದು. ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಗಳು ಈ ಭಾವನೆಯನ್ನು ಸುಳ್ಳುಮಾಡುತ್ತವೆ. ಬಹು ಹಿಂದೆ ಅಲ್ಲಿಗೆ ಬಂದು ನೆಲಸಿದ ಒಂದೇ ಬಗೆಯ ಹಕ್ಕಿಯಿಂದ ಐವತ್ತಕ್ಕೂ ಮಿಕ್ಕ ಪ್ರಭೇದಗಳು ರೂಪುಗೊಂಡವು. ಇವಕ್ಕೆ ಹನಿಕ್ರೀಪರ್ ಎಂದು ಹೆಸರು. ಹೂವಿನ ಕೊಳವೆಯಿಂದ ಮಕರಂದ ಹೀರಲು ಬಾಗಿದ ಕೊಕ್ಕು ಒಂದಕ್ಕೆ, ಬೀಜ ಒಡೆಯಲು ದಪ್ಪ ಕೊಕ್ಕು ಮತ್ತೊಂದಕ್ಕೆ, ತೊಗಟೆಯೊಳಗಿನ ಹುಳುವನ್ನು ಕೀಳಲು ಇನ್ನೊಂದು ಬಗೆಯ ಕೊಕ್ಕು ಮಗದೊಂದಕ್ಕೆ ಒದಗಿತು.

ಈ ದ್ವೀಪಗಳಲ್ಲಿ ಪೂರ್ವದಲ್ಲಿ ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಗಳ ಮೂಲಕ ಸೊಳ್ಳೆ ಬಂದಿತು. ಅನಂತರ ಹೊರನಾಡಿನ ಹಕ್ಕಿಗಳ ಜೊತೆಯಲ್ಲಿ ಪಕ್ಷಿಗಳ ಮಲೇರಿಯಾ ಬಂದಿತು. ಆ ರೋಗವನ್ನು ಎಂದೂ ಅರಿಯದ ಹಕ್ಕಿಗಳು ತಗ್ಗುಪ್ರದೇಶದ ಕಾಡುಗಳಲ್ಲಿ ಸತ್ತು ಬರಿದಾದವು. ಕೆಂಪುಬಣ್ಣದ ‘ಇಇವಿ’ ಎಂಬ ಹಕ್ಕಿಗೆ ರೋಗವಾಹಕ ಸೊಳ್ಳೆಯ ಒಂದೇ ಕಡಿತವೂ ಬಹುಮಟ್ಟಿಗೆ ಮಾರಕ. ಆದರೆ ಮಲೇರಿಯಾದ ಸೂಕ್ಷ್ಮಜೀವಿಯು ಸೊಳ್ಳೆಯ ಮೈಯೊಳಗೆ ಬೆಳೆಯಲು ಉಷ್ಣತೆ ಬೇಕು. ಸುಮಾರು 13 ಡಿಗ್ರಿಗಿಂತ ಕೆಳಗೆ ಅದು ಬೆಳೆಯದು. ಆದ್ದರಿಂದ ಬೆಟ್ಟದ ತುದಿಯ ತಣ್ಣನೆಯ ಕಾಡುಗಳು ಉಳಿದ ಹಕ್ಕಿಗಳಿಗೆ ಕೋಟೆಯಂತೆ ರಕ್ಷಣೆ ನೀಡಿದವು.

ಹವೆ ಬಿಸಿಯಾದಂತೆ ಈ ಕೋಟೆಯ ಗೋಡೆ ಕುಸಿಯುತ್ತಿದೆ. ಸೊಳ್ಳೆಯೂ ರೋಗವೂ ವರ್ಷದಿಂದ ವರ್ಷಕ್ಕೆ ಮೇಲೇರುತ್ತಿವೆ. ಹಕ್ಕಿಗಳು ಅದಕ್ಕೂ ಮೇಲೆ ಏರಬೇಕು. ಕವಾಯಿ ದ್ವೀಪದ ಅತ್ಯುನ್ನತ ಶಿಖರವೂ 1,600 ಮೀಟರಿಗಿಂತ ಸ್ವಲ್ಪ ಕಡಿಮೆ. ಅದರ ಮೇಲೆ ಏರಲು ಆಕಾಶವಲ್ಲದೆ ನೆಲವಿಲ್ಲ. ಆ ದ್ವೀಪದ ‘ಅಕಿಕಿಕಿ’ ಎಂಬ ಬೂದುಬಣ್ಣದ ಪುಟ್ಟ ಹಕ್ಕಿಗಳಲ್ಲಿ 2023ರ ವೇಳೆಗೆ ಕಾಡಿನಲ್ಲಿ ಉಳಿದುದು 5 ಎಂದು ತಿಳಿದುಬಂದಿತು. ಅದೇ ವರ್ಷ ಅಮೆರಿಕ ಸರ್ಕಾರವು ಅಳಿದುಹೋದವೆಂದು ರಕ್ಷಿತ ಜೀವಿಗಳ ಪಟ್ಟಿಯಿಂದ ತೆಗೆದ ಪ್ರಭೇದಗಳಲ್ಲಿ ಹವಾಯಿಯ 8 ಕಾಡುಹಕ್ಕಿಗಳಿದ್ದವು.

ಇಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ‘ಅಮಕಿಹಿ’ ಎಂಬ ಇನ್ನೊಂದು ಹನಿಕ್ರೀಪರ್ ಹಕ್ಕಿಯ ಕೆಲವು ಗುಂಪುಗಳು ಹವಾಯಿಯ ತಗ್ಗುಪ್ರದೇಶದಲ್ಲಿ ಮಲೇರಿಯಾದೊಡನೆಯೇ ಬದುಕಲು ಕಲಿತಿವೆ. ಒಡ್ಡಿಕೆ ಒಂದೇ, ರೋಗವೂ ಒಂದೇ, ಆದರೆ ಒಂದು ಹಕ್ಕಿ ಅಳಿಯುತ್ತಿದೆ, ಅದರ ಬಂಧು ಉಳಿದಿದೆ. ಹೊರಗಿನ ಉಷ್ಣತೆಯನ್ನು ಮಾತ್ರ ಅಳೆದು ಅಪಾಯವನ್ನು ನಿರ್ಣಯಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮೊಟ್ಟೆಯೊಳಗಿನ ಉಷ್ಣತೆ

ನ್ಯೂಜಿಲೆಂಡಿನ ಟುವಾಟಾರವು ನೋಟಕ್ಕೆ ಉಡದಂತಿದ್ದರೂ ಉಡವಲ್ಲ, ಹಲ್ಲಿಯ ಜಾತಿಯೂ ಅಲ್ಲ. ಡೈನೋಸಾರುಗಳ ಕಾಲದಲ್ಲಿ ವಿಪುಲವಾಗಿದ್ದ ಒಂದು ಸರೀಸೃಪ ವರ್ಗದ ಏಕೈಕ ಪ್ರತಿನಿಧಿ ಅದು. ನೂರು ವರ್ಷಕ್ಕೂ ಮೀರಿ ಬದುಕಬಲ್ಲ ಈ ಪ್ರಾಣಿಯ ಸಂತಾನಕ್ರಮ ಬಹಳ ನಿಧಾನ. ಹೆಣ್ಣು ಹಲವು ವರ್ಷಗಳಿಗೊಮ್ಮೆ ಮೊಟ್ಟೆಯಿಡುತ್ತದೆ, ಮೊಟ್ಟೆ ಒಡೆಯಲು ಒಂದು ವರ್ಷದಷ್ಟು ಕಾಲ ಬೇಕು. ಮರಿಯು ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆ ಹುದುಗಿರುವ ಮಣ್ಣಿನ ಉಷ್ಣತೆಯೇ ನಿರ್ಧರಿಸುತ್ತದೆ. ಸುಮಾರು 22 ಡಿಗ್ರಿಗಿಂತ ಮೇಲಾದರೆ ಗಂಡು, ಕಡಿಮೆಯಾದರೆ ಹೆಣ್ಣು.

ಕುಕ್ ಜಲಸಂಧಿಯ ನಾರ್ತ್ ಬ್ರದರ್ ಎಂಬ 4 ಹೆಕ್ಟೇರು ವಿಸ್ತಾರದ ದ್ವೀಪದಲ್ಲಿ ಗಂಡು ಟುವಾಟಾರಗಳ ಪ್ರಮಾಣ ನೂರಕ್ಕೆ 70ರಷ್ಟಕ್ಕೆ ಏರಿದೆಯೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹೆಣ್ಣುಗಳು ಕಡಿಮೆಯಾದರೆ ಮೊಟ್ಟೆಗಳೂ ಕಡಿಮೆ. ಆ ಮೊಟ್ಟೆಗಳಿಂದಲೂ ಹೆಚ್ಚಾಗಿ ಗಂಡುಗಳೇ ಹೊರಬಂದರೆ ಸಂತತಿಯು ಸದ್ದಿಲ್ಲದೆ ಕ್ಷೀಣಿಸುತ್ತದೆ. ಕಡಲಾಮೆಗಳಲ್ಲಿ ಈ ನಿಯಮ ತಿರುಗುಮುರುಗು; ಅಲ್ಲಿ ಬಿಸಿ ಹೆಚ್ಚಾದರೆ ಹೆಣ್ಣು. ಆಸ್ಟ್ರೇಲಿಯಾದ ಮಹಾ ಹವಳದಂಡೆಯ ಉತ್ತರ ಭಾಗದ ದ್ವೀಪಗಳಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ನೂರಕ್ಕೆ 99ರಷ್ಟು ಹೆಣ್ಣುಗಳೆಂದು 2018ರಲ್ಲಿ ಕಂಡುಬಂದಿತು. ಹೊರನೋಟಕ್ಕೆ ಎರಡೂ ಪ್ರಾಣಿಗಳು ಆರೋಗ್ಯವಾಗಿಯೇ ಕಾಣುತ್ತವೆ. ತಲೆ ಎಣಿಸುವವನಿಗೆ ಕಾಣದ ಅಪಾಯವು ಮೊಟ್ಟೆಯ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

ಭಾರತದ ದ್ವೀಪಗಳು

ಈ ವಿಚಾರ ಭಾರತಕ್ಕೂ ಸಂಬಂಧಿಸಿದ್ದೇ ಆಗಿದೆ. ಉತ್ತರ ಅಂಡಮಾನಿನ ಪೂರ್ವಕ್ಕೆ ನಾರ್ಕೊಂಡಮ್ ಎಂಬ ಜ್ವಾಲಾಮುಖಿ ದ್ವೀಪವಿದೆ. ವಿಸ್ತೀರ್ಣ ಸುಮಾರು 7 ಚದರ ಕಿಲೋಮೀಟರ್. ದಾಂಡೇಲಿಯ ಕಾಡುಗಳಲ್ಲಿ ಕಾಣುವ ಮಂಗಟ್ಟೆ ಹಕ್ಕಿಯ ಬಂಧುವಾದ ನಾರ್ಕೊಂಡಮ್ ಮಂಗಟ್ಟೆಗೆ ಜಗತ್ತಿನಲ್ಲಿ ಇದೊಂದೇ ನೆಲೆ. ಅದರ ಸಂಖ್ಯೆ ಸುಮಾರು ಒಂದು ಸಾವಿರ. ಹಳೆಯ ಹೆಮ್ಮರಗಳ ಪೊಟರೆಗಳಲ್ಲಿ ಗೂಡುಮಾಡುವ ಈ ಹಕ್ಕಿಗೆ ಒಂದು ಭೀಕರ ಚಂಡಮಾರುತ ಸಾಕು. ಎಲ್ಲ ಮೊಟ್ಟೆಗಳೂ ಒಂದೇ ಬುಟ್ಟಿಯಲ್ಲಿವೆ. ಆ ದ್ವೀಪದಲ್ಲಿ ರಾಡಾರ್ ಕೇಂದ್ರವನ್ನು ಸ್ಥಾಪಿಸುವ ಪ್ರಸ್ತಾಪಕ್ಕೆ ಕೇಂದ್ರ ಪರಿಸರ ಸಚಿವಾಲಯವು 2012ರಲ್ಲಿ ಅನುಮತಿ ನಿರಾಕರಿಸಿದುದು ಈ ಹಕ್ಕಿಯ ಹಿತದೃಷ್ಟಿಯಿಂದಲೇ.

ನಿಕೋಬಾರ್ ದ್ವೀಪಗಳ ಮೆಗಾಪೋಡ್ ಹಕ್ಕಿ ಮೊಟ್ಟೆಗೆ ಕಾವು ಕೊಡುವುದಿಲ್ಲ. ಕಡಲತೀರದ ಬಳಿ ಮಣ್ಣು, ಮರಳು, ತರಗೆಲೆಗಳ ದೊಡ್ಡ ದಿಬ್ಬವನ್ನು ಕೆರೆದು ಕಟ್ಟಿ ಮೊಟ್ಟೆಗಳನ್ನು ಅದರೊಳಗೆ ಹುದುಗಿಸುತ್ತದೆ; ದಿಬ್ಬದ ಶಾಖವೇ ಮರಿಮಾಡುತ್ತದೆ. 2004ರ ಡಿಸೆಂಬರ್ 26ರ ಭೂಕಂಪದಿಂದ ಗ್ರೇಟ್ ನಿಕೋಬಾರಿನ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ 4 ಮೀಟರಿಗೂ ಹೆಚ್ಚು ಕುಸಿಯಿತು. ಸುನಾಮಿಯ ಅಲೆಗಳು ತೀರದ ಕಾಡನ್ನು ನುಂಗಿದವು. ಅನಂತರದ ಸಮೀಕ್ಷೆಯಲ್ಲಿ ಮೆಗಾಪೋಡ್ ಹಕ್ಕಿಯ ಸಂಖ್ಯೆ ಹತ್ತು ವರ್ಷಗಳ ಹಿಂದಿದ್ದುದಕ್ಕಿಂತ ನೂರಕ್ಕೆ 70ರಷ್ಟು ಕುಗ್ಗಿತ್ತು. ಸುನಾಮಿಗೂ ಹವಾಮಾನ ಬದಲಾವಣೆಗೂ ಸಂಬಂಧವಿಲ್ಲ. ಆದರೆ ಸಮುದ್ರವು ತೀರವನ್ನು ಆಕ್ರಮಿಸಿದರೆ ತೀರವನ್ನೇ ನೆಚ್ಚಿದ ಜೀವಿಯ ಪಾಡೇನು ಎಂಬುದನ್ನು ಪ್ರಕೃತಿಯು ಒಂದೇ ದಿನದಲ್ಲಿ ತೋರಿಸಿಕೊಟ್ಟಿತು. ಇದೇ ಗ್ರೇಟ್ ನಿಕೋಬಾರಿನ ಗ್ಯಾಲಥಿಯಾ ಕೊಲ್ಲಿಯ ಮರಳಿನಲ್ಲಿ ದೈತ್ಯಗಾತ್ರದ ಲೆದರ್‌ಬ್ಯಾಕ್ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಆ ಕೊಲ್ಲಿಯ ಬೃಹತ್ ಬಂದರನ್ನು ಒಳಗೊಂಡ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ದೊರೆತಿದೆ. ಸಮುದ್ರದ ಹೊರೆಯ ಮೇಲೆ ನಿರ್ಮಾಣದ ಹೊರೆಯೂ ಕೂಡಿದಾಗ ಒಟ್ಟು ಭಾರವೆಷ್ಟೆಂದು ಲೆಕ್ಕಹಾಕುವುದು ಅಳತೆಗಾರನ ಕರ್ತವ್ಯ.

ಅರಬ್ಬೀ ಸಮುದ್ರದ ಲಕ್ಷದ್ವೀಪವು ಕನ್ನಡ ನಾಡಿಗೆ ಅಪರಿಚಿತವಲ್ಲ. ಅದರ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಈ ದ್ವೀಪಗಳ ನೆಲವೇ ಹವಳದ ಹುಳುಗಳ ಸೃಷ್ಟಿ. ಸಮುದ್ರದ ನೀರು ಮಿತಿಮೀರಿ ಬಿಸಿಯಾದಾಗ ಹವಳವು ತನಗೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬಹುಕಾಲ ನಿಂತರೆ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳಿಚಿದವು. ಅಲೆಗಳ ಹೊಡೆತವನ್ನು ತಡೆಯುವ ಹವಳದ ದಂಡೆ ಸವೆದರೆ ಅದರ ಹಿಂದಿನ ತಗ್ಗುದ್ವೀಪವೂ ಸವೆಯುತ್ತದೆ. ಕವರತ್ತಿಯ ಸಮೀಪದ ಪಿಟ್ಟಿ ಎಂಬ ನಿರ್ಜನ ಮರಳದಿಬ್ಬದ ಮೇಲೆ ಗೂಡುಮಾಡುವ ಕಡಲಹಕ್ಕಿಗಳ ಭವಿಷ್ಯವು ಹೀಗೆ ನೀರೊಳಗಿನ ಹವಳದ ಭವಿಷ್ಯದೊಡನೆ ಬೆಸೆದುಕೊಂಡಿದೆ.

ಅಳತೆಯ ತೊಡಕುಗಳು

ಅಳತೆಯ ಕಾರ್ಯ ಸುಲಭವಲ್ಲ. ಹವೆಯ ಮುನ್ಸೂಚನೆಗಾಗಿ ಗಣಕಯಂತ್ರದಲ್ಲಿ ರಚಿಸುವ ಜಾಗತಿಕ ಮಾದರಿಗಳು ಭೂಮಿಯನ್ನು ಚೌಕಗಳಾಗಿ ವಿಭಾಗಿಸುತ್ತವೆ. ಒಂದೊಂದು ಚೌಕದ ಅಗಲ ಸಾಮಾನ್ಯವಾಗಿ ನೂರು ಕಿಲೋಮೀಟರಿನ ಸುಮಾರಿನದು. ನಾರ್ಕೊಂಡಮ್‌ನಂಥ ದ್ವೀಪವು ಅಂಥ ಚೌಕದಲ್ಲಿ ಬರಿಯ ನೀರಾಗಿಯೇ ಉಳಿಯುತ್ತದೆ. ಬೆಟ್ಟದ ನೆರಳಿನ ತಂಪು, ಕಣಿವೆಯ ಮಂಜು ಇವು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ದ್ವೀಪದಲ್ಲಿಯೇ ಮಾಪಕಗಳನ್ನಿಟ್ಟು, ವರ್ಷಾನುಗಟ್ಟಲೆ ಗೂಡು, ಮೊಟ್ಟೆ, ಮರಿಗಳನ್ನು ಎಣಿಸಿ, ಸ್ಥಳೀಯರ ಅನುಭವವನ್ನು ಕೇಳಿ ತಿಳಿಯುವುದು ಅನಿವಾರ್ಯ. ಬ್ರಾಂಬಲ್ ಕೇ ಇಲಿಯನ್ನು ಕಡೆಯದಾಗಿ ಕಂಡವನು ಮೀನುಗಾರನೇ ಹೊರತು ವಿಜ್ಞಾನಿಯಲ್ಲ ಎಂಬುದನ್ನು ಮರೆಯಬಾರದು.

ಅಳತೆಯಾದ ಮೇಲೆ

ರೋಗವನ್ನು ಗುರುತಿಸುವುದೇ ಚಿಕಿತ್ಸೆಯಲ್ಲ. ಆದರೆ ಯಾವ ಚಿಕಿತ್ಸೆ ತಕ್ಕುದೆಂಬುದನ್ನು ಅದು ತಿಳಿಸುತ್ತದೆ. ಮೂರು ಪ್ರಶ್ನೆಗಳಲ್ಲಿ ಯಾವುದರ ಉತ್ತರ ಕೆಟ್ಟಿದೆಯೋ ಅಲ್ಲಿಗೆ ಮದ್ದು ಸಲ್ಲಬೇಕು.

ಹವಾಯಿಯ ದೂರದ ಲೇಸನ್ ದ್ವೀಪದಲ್ಲಿ ಮಾತ್ರ ಉಳಿದಿದ್ದ ಒಂದು ಬಗೆಯ ಬಾತುಕೋಳಿಗೆ ಬೇರೆ ನೆಲೆಯಿಲ್ಲದಿರುವುದೇ ದೊಡ್ಡ ದೌರ್ಬಲ್ಯವಾಗಿತ್ತು. 2004 ಮತ್ತು 2005ರಲ್ಲಿ 42 ಬಾತುಗಳನ್ನು ಹಡಗಿನಲ್ಲಿ ಮಿಡ್‌ವೇ ದ್ವೀಪಕ್ಕೆ ಸಾಗಿಸಲಾಯಿತು. ಅಲ್ಲಿ ಅವು ಕೆಲವೇ ವರ್ಷಗಳಲ್ಲಿ ನೂರಾರು ಸಂಖ್ಯೆಗೆ ಬೆಳೆದವು. ನ್ಯೂಜಿಲೆಂಡಿನಲ್ಲಿ ಟುವಾಟಾರಗಳನ್ನು 2012ರಲ್ಲಿ ದಕ್ಷಿಣದ ತಂಪು ಪ್ರದೇಶವಾದ ಡುನೆಡಿನ್ ಸಮೀಪದ ಒರೊಕೊನುಯಿ ರಕ್ಷಿತಾರಣ್ಯಕ್ಕೆ ಒಯ್ಯಲಾಯಿತು. ಹವಾಯಿಯ ಮಾವಿ ದ್ವೀಪದಲ್ಲಿ 2023ರ ಕೊನೆಯಿಂದ ವಿಶೇಷವಾಗಿ ಸಾಕಿದ ಗಂಡು ಸೊಳ್ಳೆಗಳನ್ನು ಕಾಡಿಗೆ ಬಿಡಲಾಗುತ್ತಿದೆ. ಅವುಗಳೊಡನೆ ಕೂಡಿದ ಹೆಣ್ಣು ಸೊಳ್ಳೆಗಳ ಮೊಟ್ಟೆಗಳು ಒಡೆಯವು. ಗಂಡು ಸೊಳ್ಳೆ ಕಚ್ಚುವುದಿಲ್ಲವಾದ್ದರಿಂದ ಹಕ್ಕಿಗಳಿಗೆ ಇದರಿಂದ ಬಾಧೆಯಿಲ್ಲ. ಇನ್ನೂ ಅನೇಕ ದ್ವೀಪಗಳಲ್ಲಿ ಹೊರಗಿನಿಂದ ಬಂದ ಇಲಿ, ಬೆಕ್ಕು, ಆಡುಗಳನ್ನು ನಿವಾರಿಸಿ ಸ್ಥಳೀಯ ಜೀವಿಗಳ ಶಕ್ತಿಯನ್ನು ಹೆಚ್ಚಿಸಲಾಗಿದೆ. ಹವೆಯನ್ನು ಒಂದು ದ್ವೀಪದವರು ತಿದ್ದಲಾರರು. ಆದರೆ ಇತರ ಹೊರೆಗಳನ್ನು ಇಳಿಸಿದರೆ ಜೀವಿಯು ಹವೆಯ ಹೊರೆಯನ್ನು ಹೆಚ್ಚು ಕಾಲ ತಾಳಬಲ್ಲುದು.

ಇವೆಲ್ಲ ಕಾಲಾವಕಾಶವನ್ನು ಗಳಿಸಿಕೊಡುವ ಉಪಾಯಗಳೇ ಹೊರತು ಶಾಶ್ವತ ಪರಿಹಾರವಲ್ಲ. ಕಲ್ಲಿದ್ದಲು, ಎಣ್ಣೆಗಳ ಹೊಗೆಯನ್ನು ಜಗತ್ತು ತಗ್ಗಿಸದಿದ್ದರೆ ಎತ್ತರದ ಬೆಟ್ಟವೂ ಒಂದು ದಿನ ತಗ್ಗಾದೀತು, ತಂಪಿನ ತಾಣವೂ ಬಿಸಿಯಾದೀತು. ದ್ವೀಪದ ಜೀವಿಗಳು ಆ ಹೊಗೆಗೆ ಒಂದು ಕಡ್ಡಿಯನ್ನೂ ಹೊತ್ತಿಸಿದವಲ್ಲ. ಅದರ ಫಲವನ್ನು ಮಾತ್ರ ಮೊದಲು ಉಣ್ಣುತ್ತಿವೆ.

ಲೇಸನ್ ಬಾತುಕೋಳಿಯದೂ ಬ್ರಾಂಬಲ್ ಕೇ ಇಲಿಯದೂ ಮೂಲತಃ ಒಂದೇ ಸ್ಥಿತಿ: ಸಮುದ್ರದ ನಡುವೆ ಒಂದು ಪುಟ್ಟ ನೆಲ, ಅಲ್ಲದೆ ಬೇರಿಲ್ಲ. ಎರಡರ ಅಪಾಯವೂ ಬಲ್ಲವರಿಗೆ ತಿಳಿದಿತ್ತು. ಒಂದರ ವಿಷಯದಲ್ಲಿ ತಿಳಿವಳಿಕೆಯು ಸಕಾಲದಲ್ಲಿ ಕಾರ್ಯವಾಯಿತು. ಇನ್ನೊಂದರ ವಿಷಯದಲ್ಲಿ ಕಾಗದದ ಮೇಲೆ ಉಳಿಯಿತು. ಒಂದು ಇಂದಿಗೂ ನೀರಿನಲ್ಲಿ ಈಜುತ್ತಿದೆ. ಇನ್ನೊಂದರ ಹೆಸರು ಪುಸ್ತಕಗಳಲ್ಲಿ ಮಾತ್ರ ಇದೆ. ಅಳತೆಯ ವಿದ್ಯೆ ಎಷ್ಟೇ ಸೂಕ್ಷ್ಮವಾಗಿರಲಿ, ಅದು ಸಾರ್ಥಕವಾಗುವುದು ಅಳೆದ ಕೈಗಳು ಹೊತ್ತು ಮೀರುವ ಮುನ್ನ ದುಡಿಯಲು ತೊಡಗಿದಾಗ ಮಾತ್ರ. ಅರಿವು ಆಚರಣೆಗೆ ಬಾರದಿದ್ದರೆ ಅರಿಯದಿದ್ದುದಕ್ಕೂ ಅದಕ್ಕೂ ಭೇದವಿಲ್ಲ.